ಸೂಜಿಯೂ ನನ್ನದೇ, ನೋವೂ ನನ್ನದೇ

ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಅತ್ತ ಹೆಂಗಸನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ 2019ರ ಆಗಸ್ಟ್ ತಿಂಗಳಲ್ಲಿ ನಮ್ಮ ಮನೆಗೆ ಬರಬೇಕಿತ್ತು. ಹೊರಗೆ ನಮ್ಮ ಸಾಗರದ ಮಳೆ ಧೋ ಎಂದು ಸುರಿಯುತ್ತಿದೆ. ಒಲೆಯ ಮೇಲೆ ನೀರು ಕುದಿದು ಅರ್ಧಕ್ಕಿಳಿದಿದೆ. ನಾನು ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಸೆರಗಿನಿಂದ ಮುಚ್ಚಳ ತಿರುಗಿಸಲು ಒದ್ದಾಡುತ್ತಿದ್ದೇನೆ. ಬೆರಳುಗಳು ಮಡಚುತ್ತಿಲ್ಲ. ಎರಡೂ ಕೈಯ ಗೆಣ್ಣುಗಳು ಊದಿಕೊಂಡು, ರಾತ್ರಿಯೆಲ್ಲ ಯಾರೋ ಹಗ್ಗದಿಂದ ಕಟ್ಟಿಹಾಕಿದ್ದರೇನೋ ಎಂಬಂತೆ ಬಿಗಿದುಕೊಂಡಿವೆ. ಅತ್ತೆಯವರು ಹಿಂದಿನಿಂದ ಬಂದು, "ಅಯ್ಯೋ ಮಾರಾಯ್ತಿ, ಒಂದು ಡಬ್ಬಿಗೆ ಅಳೋದಾ?" ಅಂದರು. ಅವರೇ ತೆಗೆದುಕೊಟ್ಟರು. ಅರವತ್ತೆಂಟರ ಅತ್ತೆ ತೆಗೆದ ಮುಚ್ಚಳ, ಮೂವತ್ತೊಂಬತ್ತರ ಸೊಸೆಗೆ ಬರಲಿಲ್ಲ!

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮದುವೆಯಾದ ಮೂರನೇ ವರ್ಷ ತವರಿನಿಂದ ಬಂದ ಕಾಲ್ಮಿಷನ್ನು, ಗೋಡೆಗೆ ಒಂದು ಕನ್ನಡಿ, ಕತ್ತರಿ, ಟೇಪು. ಇಷ್ಟೇ ನನ್ನ ಬಂಡವಾಳ. ಬೋರ್ಡು ಸಹ ಇಲ್ಲ. ಸೀರೆಗೆ ಫಾಲ್, ಪೀಕೋ, ಕುಚ್ಚು ಎಲ್ಲ ಮಾಡುತ್ತೇನೆ. ನಮ್ಮ ಯಜಮಾನರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಸಂಬಳದಲ್ಲಿ ಅಕ್ಕಿ ಬೇಳೆ, ಬಾಡಿಗೆ. ನನ್ನ ಸೂಜಿಯಲ್ಲಿ ಮಗಳ ಫೀಸು, ಗ್ಯಾಸು, ಅತ್ತೆಯವರ ಕಣ್ಣಿನ ಆಪರೇಷನ್ನು. ಹೀಗೆ ಒಂದು ಲೆಕ್ಕದ ಮೇಲೆ ಸಂಸಾರ ನಡೆದಿತ್ತು. ಆ ಲೆಕ್ಕಕ್ಕೆ ಬೇಕಾದದ್ದು ನನ್ನ ಹತ್ತು ಬೆರಳು. ಅವೇ ಕೈಕೊಟ್ಟವು.

ಮೊದಲು ಎಲ್ಲರೂ ಹೇಳಿದ್ದು, "ಅತಿಯಾಗಿ ಹೊಲಿದಿದ್ದೀಯ, ಅದಕ್ಕೇ" ಎಂದು. ಪಕ್ಕದ ಮನೆ ಅಕ್ಕ ಚಿಕುನ್‌ಗುನ್ಯ ಇರಬಹುದು ಅಂದರು. ತವರಿನಿಂದ ಎಣ್ಣೆ ಬಂತು. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಹೊಲಿದೆ, ಮತ್ತೆ ನುಂಗಿದೆ, ಮತ್ತೆ ಹೊಲಿದೆ. ಏಳು ತಿಂಗಳು ಹೀಗೇ ಕಳೆಯಿತು. ಆ ಏಳು ತಿಂಗಳನ್ನು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. 2020ರ ಮಾರ್ಚ್ ಮೊದಲ ವಾರ ಶಿವಮೊಗ್ಗಕ್ಕೆ ಹೋಗಿ ಕೀಲಿನ ತಜ್ಞರಿಗೆ ತೋರಿಸಿದೆವು. ರಕ್ತ ಪರೀಕ್ಷೆ, ಕೈಯ ಎಕ್ಸ್‌ರೇ ಎಲ್ಲ ಆಯಿತು. ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ನಮ್ಮ ಕಡೆ ಆಮವಾತ, ಕೀಲುವಾತ ಎಂದೆಲ್ಲ ಕರೆಯುತ್ತಾರಲ್ಲ, ಆ ಜಾತಿಯದು.

ಹೊಲಿದದ್ದರಿಂದ ಬಂದದ್ದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ವಯಸ್ಸಾದವರ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ಹೊರಗಿನ ರೋಗಾಣುವಿನ ಮೇಲೆ ಯುದ್ಧ ಮಾಡಬೇಕಾದ ಶರೀರದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ, ತನ್ನದೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುತ್ತದೆ. ಹೆಚ್ಚಾಗಿ ಕೈಯ ಸಣ್ಣ ಗೆಣ್ಣುಗಳಿಂದಲೇ ಶುರು, ಅದೂ ಎರಡೂ ಕೈಯಲ್ಲಿ. ಬೆಳಿಗ್ಗೆ ಎದ್ದಾಗ ಬಿಗಿತ ಅರ್ಧ ಗಂಟೆ, ಒಂದು ಗಂಟೆಗೂ ಹೆಚ್ಚು ಇರುತ್ತದೆ. ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು ಹೆಂಗಸರಿಗೇ ಬರುತ್ತದಂತೆ. (ಇದರಲ್ಲೂ ನಮಗೇ ಹೆಚ್ಚು ಪಾಲು ನೋಡಿ!) ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಬೇಗ ಔಷಧಿ ಶುರುಮಾಡಿದರೆ ಹತೋಟಿಯಲ್ಲಿಡಬಹುದು, ಬೆರಳು ಸೊಟ್ಟಗಾಗದಂತೆ ತಡೆಯಬಹುದು ಎಂದರು. ಬರೀ ನೋವಿನ ಮಾತ್ರೆ ನೋವನ್ನು ಮುಚ್ಚಿಡುತ್ತದೆ, ಕೀಲು ಒಳಗೊಳಗೇ ಹಾಳಾಗುತ್ತಲೇ ಇರುತ್ತದೆ, ಜೊತೆಗೆ ಹೊಟ್ಟೆ ಮತ್ತು ಮೂತ್ರಪಿಂಡಕ್ಕೂ ತೊಂದರೆ. ಇದನ್ನು ಕೇಳಿ ನನಗೆ ಅಂಗಡಿಯ ಆ ಏಳು ತಿಂಗಳ ಮಾತ್ರೆಗಳು ಕಣ್ಮುಂದೆ ಬಂದವು.

ಕೊಟ್ಟ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಇದರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು: ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ವಯಸ್ಸಾದವರು ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ನೀವೇ ಎಣಿಸಿ ಕೊಡಿ. ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ಶನಿವಾರಕ್ಕೂ ಯಜಮಾನರು ಕೆಂಪು ಸುತ್ತು ಹಾಕುತ್ತಾರೆ. ನುಂಗಿದ ಮೇಲೆ ಅದರೊಳಗೆ ಒಂದು ಗೀಟು. ಮಾತ್ರೆಯ ಕಾಟ ಕಡಿಮೆಯಾಗಲು ಬೇರೆ ದಿನ ಫೋಲಿಕ್ ಆಸಿಡ್ ಕೊಡುತ್ತಾರೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಯಕೃತ್ತು ಸರಿಯಿದೆಯೇ ನೋಡಬೇಕು. ಮಕ್ಕಳಾಗಬೇಕೆಂದು ಇರುವವರು, ಬಸುರಿಯರು ಇದನ್ನು ತೆಗೆದುಕೊಳ್ಳುವಂತೆಯೇ ಇಲ್ಲ, ಡಾಕ್ಟರಿಗೆ ಮೊದಲೇ ಹೇಳಬೇಕು. ಗುಣ ಕಾಣಿಸಲು ಆರರಿಂದ ಹನ್ನೆರಡು ವಾರ ಬೇಕು. ಮೊದಲ ತಿಂಗಳು ನಾನು "ಈ ಮಾತ್ರೆ ನೀರಿಗೆ ಹಾಕಿದ ಹಾಗೆ" ಎಂದು ಗೊಣಗಿದ್ದೇ ಗೊಣಗಿದ್ದು.

ಅದೇ ತಿಂಗಳ ಕೊನೆಗೆ ಲಾಕ್‌ಡೌನ್ ಆಯಿತು. ಬಸ್ಸಿಲ್ಲ, ಮದುವೆಗಳಿಲ್ಲ, ಬ್ಲೌಸೂ ಇಲ್ಲ. ಮಾಸ್ಕ್ ಹೊಲಿದೆ. ನೇರ ಹೊಲಿಗೆ, ಹುಕ್ಕಿಲ್ಲ, ಕಾಜಾ ಇಲ್ಲ; ಕೈಗೆ ಆರಾಮ. ಊರೆಲ್ಲ ಕಷ್ಟದಲ್ಲಿದ್ದಾಗ ಹೀಗೆ ಹೇಳಬಾರದು, ಆದರೂ ನಿಜ: ನನ್ನ ಬೆರಳಿಗೆ ವಿಶ್ರಾಂತಿ ಸಿಕ್ಕಿದ್ದು ಆಗಲೇ. ಆ ವರ್ಷದ ದೀಪಾವಳಿ ಹೊತ್ತಿಗೆ ಕಾಫಿಪುಡಿ ಡಬ್ಬಿ ನಾನೇ ತೆಗೆಯುತ್ತಿದ್ದೆ.

ಜಾತ್ರೆಯ ಬ್ಲೌಸುಗಳು

ನಾನು ಮಾಡಿದ ದೊಡ್ಡ ತಪ್ಪಿನ ಕಥೆ ಈಗ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಜಾತ್ರೆ ಬಂತೆಂದರೆ ಊರಿನ ಪ್ರತಿ ಮನೆಗೂ ನೆಂಟರು, ಪ್ರತಿ ಹೆಂಗಸಿಗೂ ಹೊಸ ಸೀರೆ, ಪ್ರತಿ ಸೀರೆಗೂ ಬ್ಲೌಸು. 2023ರ ಫೆಬ್ರವರಿಯಲ್ಲಿ ಜಾತ್ರೆ. ಮಗಳು ಆಗ ಮೊದಲ ಪಿಯುಸಿ. ಮುಂದಿನ ವರ್ಷದ ಫೀಸು, ಸಿಇಟಿ ಕೋಚಿಂಗು ಎಲ್ಲ ತಲೆಯ ಮೇಲೆ. ಜಾತ್ರೆಯ ದುಡಿಮೆಯಿಂದಲೇ ಅದನ್ನು ತೀರಿಸಬೇಕೆಂದು ಮನಸ್ಸಿನಲ್ಲೇ ಗಂಟುಹಾಕಿಕೊಂಡೆ.

ಅಷ್ಟರಲ್ಲಿ ನನಗೆ ಆರೋಗ್ಯ ಚೆನ್ನಾಗಿತ್ತು. ಚೆನ್ನಾಗಿತ್ತಲ್ಲ, ಇನ್ನು ಮಾತ್ರೆ ಯಾಕೆ? ಶನಿವಾರ ಮಾತ್ರೆ ನುಂಗಿದರೆ ಭಾನುವಾರವೆಲ್ಲ ಹೊಟ್ಟೆ ತೊಳಸುತ್ತದೆ, ಮೈ ಭಾರ, ಆ ದಿನದ ದುಡಿಮೆ ಹೋಯಿತು. ಡಿಸೆಂಬರಿನಲ್ಲಿ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಕ್ಯಾಲೆಂಡರಿನ ಕೆಂಪು ಸುತ್ತಿನೊಳಗೆ ಗೀಟು ಮಾತ್ರ ಹಾಕುತ್ತಿದ್ದೆ! ಒಂದು ತಿಂಗಳು ಏನೂ ಆಗಲಿಲ್ಲ. ಜಯಿಸಿದೆ ಅಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಬಂದ ಬ್ಲೌಸು ಒಟ್ಟು 46. ಮಾಮೂಲಿಯಾಗಿ ವಾರಕ್ಕೆ ಏಳೆಂಟು ಹೊಲಿಯುವವಳು ನಾನು. ಮೂರು ವಾರದಲ್ಲಿ 46! ಬೇಡ ಅನ್ನಲು ಬಾಯೇ ಬರಲಿಲ್ಲ. "ಟೈಲರಕ್ಕಾ, ನಿಮ್ಮ ಕೈಯ ಕುತ್ತಿಗೆ ಇನ್ಯಾರಿಗೂ ಬರಲ್ಲ" ಎಂದು ಒಬ್ಬರು ಹೇಳಿದರೆ ಸಾಕು, ಇನ್ನೆರಡು ಹಿಡಿದುಕೊಳ್ಳುತ್ತಿದ್ದೆ. ಬೆಳಿಗ್ಗೆ ತಿಂಡಿ ಮುಗಿಸಿ ಕೂತರೆ ರಾತ್ರಿ ಹನ್ನೊಂದು. ಕತ್ತರಿಸುವುದು, ಹೊಲಿಯುವುದು, ಹುಕ್ಕು ಹಾಕುವುದು, ಹೆಮ್ಮಿಂಗ್ ಮಾಡುವುದು ಎಲ್ಲ ಒಬ್ಬಳೇ. ಮಣಿಕಟ್ಟು ಬಿಸಿಯಾಗುತ್ತಿತ್ತು. ಜಾತ್ರೆ ಮುಗಿಯಲಿ, ಆಮೇಲೆ ಮಲಗೋಣ ಎಂದುಕೊಂಡೆ.

ಜಾತ್ರೆಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕೈ, ಮಣಿಕಟ್ಟು, ಮೊಣಕಾಲು, ಪಾದದ ಬೆರಳು ಎಲ್ಲ ಒಟ್ಟಿಗೆ ಹಿಡಿದುಕೊಂಡವು. ಮಗಳು ತಲೆ ಬಾಚಿ, ಹಲ್ಲುಜ್ಜಲು ಬ್ರಶ್ಶು ಹಿಡಿದುಕೊಟ್ಟಳು. 46ರಲ್ಲಿ 31 ಮುಗಿದಿತ್ತು. ಉಳಿದ ಹದಿನೈದು ಕಟ್ಟುಗಳು ಮೇಜಿನ ಮೇಲೆ ನನ್ನನ್ನೇ ನೋಡುತ್ತಿದ್ದವು. ಅದರಲ್ಲಿ ಆರಕ್ಕೆ ಕತ್ತರಿ ಬಿದ್ದಾಗಿತ್ತು, ಬೇರೆ ಯಾರಿಗೂ ಕೊಡುವಂತಿಲ್ಲ. ಯಜಮಾನರು ಮಂಡಿಗೆ ರಜಾ ಹಾಕಿ ಮನೆಮನೆಗೆ ಹೋಗಿ ಬಟ್ಟೆ, ಮುಂಗಡ ಎರಡನ್ನೂ ವಾಪಸು ಕೊಟ್ಟು ಬಂದರು. ಒಬ್ಬಾಕೆ ಬಾಗಿಲಿಗೇ ಬಂದು, "ಆಗಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು. ಮಗಳ ಗಂಡನ ಮನೆಯವರು ಬರ್ತಿದಾರೆ, ನಾನೇನು ಉಡ್ಲಿ?" ಎಂದು ಕೂಗಾಡಿದರು. ನನಗೆ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತಲ್ಲ? ನನ್ನ ಕಾಯಿಲೆಯ ವಿಷಯ ಗಿರಾಕಿಗಳಿಗೆ ಯಾರಿಗೂ ನಾನು ಹೇಳಿರಲೇ ಇಲ್ಲ. ಹೇಳಿದರೆ ಕೆಲಸ ಬೇರೆ ಕಡೆ ಹೋಗುತ್ತದೆ ಎಂಬ ಹೆದರಿಕೆ. ಮುಚ್ಚಿಟ್ಟಿದ್ದಕ್ಕೂ ಹೋಯಿತು.

ಆ ಜಾತ್ರೆಗೆ ನಾನು ಹೋಗಲಿಲ್ಲ. ಡೊಳ್ಳು, ಪೀಪಿ ಎಲ್ಲ ಮಲಗಿದಲ್ಲಿಂದಲೇ ಕೇಳಿದೆ. ಮಾತ್ರೆ ಬಿಟ್ಟ ವಿಷಯ ಡಾಕ್ಟರ ಮುಂದೆ ಹೊರಬಿತ್ತು. ಅವರು ಬೈಯಲಿಲ್ಲ. ಗುಣ ಕಂಡದ್ದು ಮಾತ್ರೆಯಿಂದ, ಮಾತ್ರೆ ನಿಂತು ಕೆಲವು ವಾರಕ್ಕೆ ಕಾಯಿಲೆ ಮತ್ತೆ ತಲೆಯೆತ್ತುವುದು ಸಾಮಾನ್ಯ ಎಂದಷ್ಟೇ ಹೇಳಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಯಜಮಾನರು ಆನಂದಪುರ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, "ಗೀಟು ನೀನೇ ಹಾಕ್ತಿದ್ದೆಯಾ?" ಅಂದರು. ಆ ಒಂದು ಮಾತು ಆ ಹೆಂಗಸಿನ ಕೂಗಾಟಕ್ಕಿಂತ ಹೆಚ್ಚು ನಾಟಿತು.

ವಿಶ್ರಾಂತಿಗೂ ಒಂದು ಲೆಕ್ಕ

ಹಾಸಿಗೆ ಬಿಟ್ಟು ಎದ್ದ ಮೇಲೆ ನನ್ನ ತಲೆಯಲ್ಲಿದ್ದದ್ದು ಒಂದೇ: ಇನ್ನು ಹೊಲಿಗೆ ಬಿಟ್ಟುಬಿಡುವುದು. ಅತ್ತೆಯವರದೂ ಅದೇ ಮಾತು. ಆದರೆ ಪೂರ್ತಿ ಮಲಗಿಬಿಡುವುದೂ ಮದ್ದಲ್ಲವಂತೆ. ಹಿಂದಿನ ಕಾಲದಲ್ಲಿ ಈ ಕಾಯಿಲೆಯವರನ್ನು ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸಿಬಿಡುತ್ತಿದ್ದರು. ಈಗ ಹಾಗೆ ಮಾಡುವುದಿಲ್ಲ. ಬಿಸಿಯಾಗಿ ಊದಿಕೊಂಡ ಕೀಲಿಗೆ ವಿಶ್ರಾಂತಿ ಬೇಕು ನಿಜ, ಆದರೆ ಉಳಿದ ಮೈಯನ್ನು ಆಡಿಸುತ್ತಲೇ ಇರಬೇಕು, ಇಲ್ಲವಾದರೆ ಮಾಂಸಖಂಡ ಸೊರಗಿ ಕೀಲು ಮತ್ತಷ್ಟು ಬಿಗಿಯುತ್ತದೆ. ಹಾಗಾಗಿ ದುಡಿಯುವುದೂ ಬೇಕು, ಕೂರುವುದೂ ಬೇಕು. ಎಷ್ಟು ದುಡಿಯುವುದು, ಯಾವಾಗ ಕೂರುವುದು? ಅದನ್ನು ಯಾವ ಡಾಕ್ಟರೂ ಚೀಟಿಯಲ್ಲಿ ಬರೆದುಕೊಡುವುದಿಲ್ಲ. ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದೆ: ಇವತ್ತು ಎಷ್ಟು ಹೊಲಿದೆ, ನಾಳೆ ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇತ್ತು. ಎರಡು ತಿಂಗಳಲ್ಲಿ ಗೊತ್ತಾದದ್ದು ಏನೆಂದರೆ, ನನ್ನ ಮೈ ನನಗೆ ಬಿಲ್ಲು ಕಳಿಸುವುದು ಆ ದಿನ ಅಲ್ಲ, ಮಾರನೇ ದಿನ. ಕೆಲಸ ಮಾಡುವಾಗ ಏನೂ ಆಗುವುದಿಲ್ಲ, ಉತ್ಸಾಹವೇ ಇರುತ್ತದೆ. ಆದ್ದರಿಂದ ಸುಸ್ತಾದ ಮೇಲೆ ಏಳುವುದಲ್ಲ, ಸುಸ್ತಾಗುವ ಮೊದಲೇ ಏಳಬೇಕು. ಮೊಬೈಲಿನಲ್ಲಿ ನಲವತ್ತು ನಿಮಿಷಕ್ಕೆ ಗಂಟೆ ಇಟ್ಟುಕೊಳ್ಳುತ್ತೇನೆ. ಅದು ಬಡಿದಾಗ ತೋಳು ಅರ್ಧ ಹೊಲಿದಿದ್ದರೂ ಎದ್ದೇಳಬೇಕು. "ಇದೊಂದು ತೋಳು ಮುಗಿಸಿಬಿಡ್ತೀನಿ" ಅನ್ನುವ ಆಸೆ ಇದೆಯಲ್ಲ, ಅದೇ ನೋಡಿ ಮಹಾಮೋಸ!

ಎದ್ದು ಏನು ಮಾಡುತ್ತೇನೆ? ಮೊದಮೊದಲು ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ! ನಮಗೆ ಹೆಂಗಸರಿಗೆ ವಿಶ್ರಾಂತಿ ಅಂದರೆ ಒಂದು ಕೆಲಸ ಬಿಟ್ಟು ಇನ್ನೊಂದು ಕೆಲಸ ಮಾಡುವುದು ಎಂದೇ ಅರ್ಥ ತಾನೆ? ಮಿಷನ್ನಿನಿಂದ ಎದ್ದ ಬೆರಳುಗಳು ಪಾತ್ರೆ ಉಜ್ಜಿದರೆ ಅವಕ್ಕೆ ರಜಾ ಎಲ್ಲಿ ಬಂತು? ಈಗ ಹಜಾರದ ಬೆಂಚಿನ ಮೇಲೆ ಕಾಲು ಚಾಚಿ ಹದಿನೈದು ನಿಮಿಷ ಸುಮ್ಮನೆ ಕೂರುತ್ತೇನೆ. ಮೊದಲ ವಾರ ಎದುರು ಮನೆಯವರು ನೋಡುತ್ತಾರೆಂದು ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದೆ. ಹಗಲಲ್ಲಿ ಕೈಕಟ್ಟಿ ಕೂತ ಹೆಂಗಸು ಅಂದರೆ ನಮ್ಮ ಬೀದಿಯಲ್ಲಿ ದೊಡ್ಡ ಸುದ್ದಿ. ಈ ಕಾಯಿಲೆಯ ಸುಸ್ತು ಸೋಮಾರಿತನ ಅಲ್ಲ, ಕಾಯಿಲೆಯದೇ ಒಂದು ಭಾಗ ಎಂದು ನಾನೇ ನಂಬಲು ಎಷ್ಟೋ ದಿನ ಬೇಕಾಯಿತು. ಇನ್ನು ಬೀದಿಯವರು ನಂಬುವುದು ಯಾವಾಗ!

ಕೆಲಸವನ್ನು ಕೀಲಿಗೆ ತಕ್ಕಂತೆ ಹಂಚಿಕೊಂಡಿದ್ದೇನೆ. ಕತ್ತರಿಸುವುದು ಹೆಬ್ಬೆರಳಿಗೂ ಮಣಿಕಟ್ಟಿಗೂ ಕಷ್ಟ, ಅದು ಬೆಳಿಗ್ಗೆ ಕೂಡದು. ಕೈ ಸಡಿಲವಾದ ಮೇಲೆ ಮಧ್ಯಾಹ್ನ, ಅದೂ ಒಂದು ದಿನಕ್ಕೆ ಮೂರು ಬ್ಲೌಸ್ ಮಾತ್ರ. ಕತ್ತರಿಯ ಹಿಡಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ದಪ್ಪ ಹಿಡಿಗೆ ಹೆಚ್ಚು ಒತ್ತಬೇಕಿಲ್ಲ. ಮಿಷನ್ನಿಗೆ ಮೋಟಾರು ಹಾಕಿಸಿದೆ, ಕಾಲಿನ ಗೆಣ್ಣಿಗೆ ಪುಣ್ಯ ಬಂತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಆಗ ನನಗೂ ರಜಾ. ಹುಕ್ಕು, ಹೆಮ್ಮಿಂಗ್ ಎರಡೂ ಬೆರಳ ತುದಿಯ ಕೆಲಸ. ಅದನ್ನು ಹಿಂದಿನ ಬೀದಿಯ ಒಬ್ಬ ಹುಡುಗಿಗೆ ಕೊಡುತ್ತೇನೆ, ಒಂದು ಬ್ಲೌಸಿಗೆ ಇಷ್ಟು ಎಂದು. ನನ್ನ ಲಾಭ ಅಷ್ಟು ಕಡಿಮೆಯಾಯಿತು, ನಿಜ. ಆದರೆ ಜಾತ್ರೆಯ ವರ್ಷ ಆ ಹದಿನೈದು ಬ್ಲೌಸಿಗೆ ವಾಪಸು ಕೊಟ್ಟ ಹಣವನ್ನೂ, ಆಸ್ಪತ್ರೆ ಖರ್ಚನ್ನೂ ಕೂಡಿಸಿದರೆ ಅವಳಿಗೆ ಒಂದು ವರ್ಷ ಕೊಡುವುದಕ್ಕಿಂತ ಹೆಚ್ಚೇ ಆಗುತ್ತದೆ.

ಅಡುಗೆಮನೆಯಲ್ಲೂ ಒಂದಿಷ್ಟು ಬದಲಾಯಿತು. ಬೆಳಿಗ್ಗೆ ಎದ್ದವಳೇ ಮೊದಲು ಬಚ್ಚಲಿಗೆ ಹೋಗಿ, ಹಂಡೆಯ ಬಿಸಿನೀರು ಬೋಗುಣಿಗೆ ಹಾಕಿಕೊಂಡು ಕೈ ಮುಳುಗಿಸಿ, ನೀರೊಳಗೇ ಮುಷ್ಟಿ ಮಾಡಿ ಬಿಡಿಸಿ ಮಾಡುತ್ತೇನೆ, ಹತ್ತು ನಿಮಿಷ. ಆಮೇಲೇ ಒಲೆ. ಚಿತ್ರಾನ್ನದ ಒಗ್ಗರಣೆ, ಗೊಜ್ಜವಲಕ್ಕಿಯ ಗೊಜ್ಜು ಒಳ್ಳೆಯ ದಿನ ಮಾಡಿ ಬಾಟಲಿಗೆ ತುಂಬಿಟ್ಟರೆ ಕೆಟ್ಟ ದಿನಕ್ಕೆ ಆಗುತ್ತದೆ. ತೀರಾ ಕೆಟ್ಟ ದಿನ ಮೊಸರವಲಕ್ಕಿ, ಉಪ್ಪಿನಕಾಯಿ, ಯಾರೂ ಸತ್ತಿಲ್ಲ. ಒದ್ದೆ ಬಟ್ಟೆ ಹಿಂಡಲು ಒಂದು ಉಪಾಯ ಹೇಳುತ್ತೇನೆ: ನಲ್ಲಿಗೆ ಬಟ್ಟೆಯನ್ನು ಸುತ್ತಿಹಾಕಿ ಎರಡು ತುದಿಯನ್ನೂ ಸೇರಿಸಿ ಹಗ್ಗ ಹೊಸೆದಂತೆ ತಿರುಗಿಸಿ, ನೀರೆಲ್ಲ ಇಳಿಯುತ್ತದೆ, ಮಣಿಕಟ್ಟು ತಿರುಚಬೇಕಿಲ್ಲ. ನಲ್ಲಿ ಮಾತ್ರ ಗಟ್ಟಿಯಾಗಿರಬೇಕು. ನಮ್ಮ ಮನೆಯದು ಒಮ್ಮೆ ಕಿತ್ತು ಬಂದಿತ್ತು! ಕುಕ್ಕರು, ದೊಡ್ಡ ಪಾತ್ರೆ ಎತ್ತುವಾಗ ಬೆರಳಿನಲ್ಲಿ ಹಿಡಿಯದೆ ಎರಡೂ ಅಂಗೈ ಕೊಟ್ಟು ಎತ್ತಬೇಕು. ಕಾಫಿಪುಡಿ ಈಗ ತಿರುಗಿಸುವ ಮುಚ್ಚಳದ ಡಬ್ಬಿಯಲ್ಲಿಲ್ಲ, ಮೇಲೆ ಸುಮ್ಮನೆ ಕೂರುವ ಮುಚ್ಚಳದ ಡಬ್ಬಿಯಲ್ಲಿದೆ. ಇಷ್ಟು ಸಣ್ಣ ವಿಷಯ ಹೊಳೆಯಲು ಮೂರು ವರ್ಷ ಬೇಕೇ?

ಮಗಳು ಕಾಲೇಜಿನ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಫ್ರಾನ್ಸಿನ ಚಿತ್ರಕಾರ ರೆನ್ವಾರನ ವಿಷಯ ಓದಿ ಹೇಳಿದಳು. ಅವನಿಗೂ ಇದೇ ಕಾಯಿಲೆ, ಐವತ್ತರ ಆಸುಪಾಸಿನಲ್ಲಿ ಶುರುವಾಯಿತಂತೆ. ಕೊನೆಗೆ ಗಾಲಿಕುರ್ಚಿ ಹಿಡಿದ, ಬೆರಳುಗಳು ಸೊಟ್ಟಗಾಗಿ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ, ಕುಂಚವನ್ನು ಬೇರೆಯವರು ಕೈಗೆ ಇಟ್ಟುಕೊಡಬೇಕಿತ್ತು. ಆದರೂ 1919ರಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆದ. ಮಗಳು ನನಗೆ ಧೈರ್ಯ ಬರಲಿ ಎಂದು ಹೇಳಿದ್ದು. ನನಗೆ ಅನಿಸಿದ್ದೇ ಬೇರೆ: ಕುಂಚ ಇಟ್ಟುಕೊಡಲು ಅವನಿಗೆ ಜನ ಇದ್ದರಲ್ಲ! ಅವನ ಮನೆಯ ಒಲೆಯನ್ನು ಯಾರು ಹಚ್ಚುತ್ತಿದ್ದರೋ. ಪಾಪ, ಅವನ ಕಾಲಕ್ಕೆ ಈಗಿನ ಔಷಧಿಗಳೂ ಇರಲಿಲ್ಲ. ಮೆಥೊಟ್ರೆಕ್ಸೇಟ್ ಈ ಕಾಯಿಲೆಗೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದೇ 1988ರಲ್ಲಿ. ನನಗೆ ಅವನಂತೆ ಬೆರಳು ಸೊಟ್ಟಗಾಗದಿದ್ದರೆ ಅದಕ್ಕೆ ಶನಿವಾರದ ಮಾತ್ರೆಯೇ ಕಾರಣ.

ಎಲ್ಲಕ್ಕಿಂತ ಕಷ್ಟವಾದದ್ದು ಗಿರಾಕಿಗಳಿಗೆ ಹೇಳುವುದು. ಒಬ್ಬೊಬ್ಬರಿಗೇ ಹೇಳಿದೆ: "ನನಗೆ ಕೀಲಿನ ಕಾಯಿಲೆ ಇದೆ. ವಾರಕ್ಕೆ ಎಂಟೇ ಬ್ಲೌಸ್ ತಗೊಳ್ತೀನಿ. ಐದು ದಿನದ ಕೆಲಸಕ್ಕೆ ಹತ್ತು ದಿನ ಹೇಳ್ತೀನಿ. ಭಾನುವಾರ ಬಟ್ಟೆ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ." ಆರೇಳು ಜನ ಬಿಟ್ಟುಹೋದರು. ಉಳಿದವರು ಉಳಿದರು. ಹೊಲಿಗೆಗೆ ಐವತ್ತು ರೂಪಾಯಿ ಏರಿಸಿದೆ, ಅದಕ್ಕೂ ಯಾರೂ ಜಗಳ ಆಡಲಿಲ್ಲ. ಇಷ್ಟು ವರ್ಷ ನಾನೇ ಹೆದರಿ ಕಡಿಮೆ ತೆಗೆದುಕೊಳ್ಳುತ್ತಿದ್ದೆನೋ ಏನೋ. ಆಷಾಢ, ಧನುರ್ಮಾಸ ಎರಡರಲ್ಲೂ ಮದುವೆ ಇಲ್ಲವಾದ್ದರಿಂದ ಮೊದಲು "ಕೆಲಸವೇ ಇಲ್ಲ" ಎಂದು ಕೊರಗುತ್ತಿದ್ದೆ. ಈಗ ಆ ಎರಡು ತಿಂಗಳನ್ನು ಶಿವಮೊಗ್ಗದ ಪರೀಕ್ಷೆಗೆ, ತವರಿಗೆ, ಕೈಗೆ ಎಂದು ಎತ್ತಿಟ್ಟಿದ್ದೇನೆ. ಶ್ರಾವಣದ ಬಟ್ಟೆ ಆಷಾಢದಲ್ಲೇ ತಂದುಕೊಟ್ಟವರಿಗೆ ಇಪ್ಪತ್ತು ರೂಪಾಯಿ ಕಡಿಮೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಬಂದು "ಅರ್ಜೆಂಟು" ಅಂದರೆ ಕೈಮುಗಿದುಬಿಡುತ್ತೇನೆ.

ದುಡಿಮೆ ಮೊದಲಿಗಿಂತ ಕಡಿಮೆ. ಅದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ. ಮಗಳ ಕೋಚಿಂಗು ನಮ್ಮಿಂದ ಆಗಲಿಲ್ಲ, ಅವಳು ಮನೆಯಲ್ಲೇ ಓದಿಕೊಂಡಳು. ಬಿಎಸ್ಸಿಗೆ ಸೇರಿದಳು. ಇಂಜಿನಿಯರಿಂಗ್ ಸಿಗಲಿಲ್ಲವಲ್ಲ ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ನನಗೆ ಮಾತ್ರ ಆ 46 ಬ್ಲೌಸು ಈಗಲೂ ಕನಸಿನಲ್ಲಿ ಬರುತ್ತವೆ.

ಬಾಗಿಲಿಗೆ ಬಂದು ಕೂಗಾಡಿದ್ದ ಆಕೆ ಕಳೆದ ವಾರ ಬಂದಿದ್ದರು. ಎರಡು ಬ್ಲೌಸ್ ಬಟ್ಟೆ, ಜೊತೆಗೆ ಒಂದು ಅಳತೆ ಬ್ಲೌಸು. ಹಳೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋಗುವಾಗ ತಮ್ಮ ಹೆಬ್ಬೆರಳನ್ನು ತೋರಿಸಿ, "ಟೈಲರಕ್ಕ, ನಂಗೂ ಬೆಳಿಗ್ಗೆ ಎದ್ರೆ ಇಲ್ಲಿ ಹಿಡ್ಕೊಳ್ಳುತ್ತೆ, ಏನಿರ್ಬಹುದು?" ಎಂದು ಕೇಳಿದರು. ಎಷ್ಟು ಹೊತ್ತು ಹಿಡಿದಿರುತ್ತದೆ, ಎರಡೂ ಕೈಗಾ, ಊದುತ್ತದಾ ಎಂದು ಕೇಳಿ, ಎಣ್ಣೆ ಹಚ್ಚುತ್ತಾ ಕೂರದೆ ರಕ್ತ ಪರೀಕ್ಷೆ ಮಾಡಿಸಿ ಅಂದೆ. ಶಿವಮೊಗ್ಗದ ಡಾಕ್ಟರ ವಿಳಾಸ ಬರೆದುಕೊಟ್ಟೆ.

ಇವತ್ತು ಶನಿವಾರ. ಇದನ್ನು ಬರೆಯಲೂ ಮೂರು ದಿನ ಹಿಡಿಯಿತು, ಪೆನ್ನು ಹಿಡಿಯುವುದೂ ಬೆರಳ ಕೆಲಸವೇ ಅಲ್ಲವೇ. ಯಜಮಾನರು ಕೆಂಪು ಸುತ್ತು ಹಾಕಿ, ಲೋಟದಲ್ಲಿ ನೀರು ಹಿಡಿದು ನಿಂತಿದ್ದಾರೆ. ನುಂಗುವುದನ್ನು ಕಣ್ಣಾರೆ ನೋಡಿದ ಮೇಲೇ ಅವರು ಗೀಟು ಹಾಕುವುದು. ಆಕೆಯ ಎರಡು ಬ್ಲೌಸೂ ಮೇಜಿನ ಮೇಲಿವೆ, ಇನ್ನೂ ಕತ್ತರಿ ಹಾಕಿಲ್ಲ. ಸೋಮವಾರ ಮಧ್ಯಾಹ್ನ ಹಾಕುತ್ತೇನೆ.